ಕಬ್ಬಿನ ಸಿಪ್ಪೆಯ ಹೊಗೆಯಲ್ಲಿ ಕರಿ ಮಡಕೆ: ನನ್ನ ಅನುಭವ

"ಲೋ ಮಗ, ನಮ್ಮ ಮಂಡ್ಯದ ಕೆರೆ ಮಣ್ಣು ಕೆಂಪಿಗೇ ಸೈ. ಸುಮ್ನೆ ಸೌದೆ ದಂಡ" ಅಂತ ಚಿಕ್ಕಪ್ಪ ಮೂರು ಸಲ ಹೇಳಿದ್ದರು. ಶಿವರಾತ್ರಿ ಮುಗಿದ ವಾರ ಆವಿಗೆ, ಅಂದ್ರೆ ಮಡಕೆ ಸುಡೋ ಗೂಡು, ಬಿಚ್ಚಿದೆ. 110 ಮಡಕೆಯಲ್ಲಿ 90ಕ್ಕೂ ಜಾಸ್ತಿ ಇದ್ದಿಲಿನಷ್ಟು ಕಪ್ಪಗೆ ಬಂದಿದ್ದವು. ಚಿಕ್ಕಪ್ಪ ಒಂದನ್ನು ಎತ್ತಿ ಬೆರಳಲ್ಲಿ ತಟ್ಟಿದರು. ಟಣ್ ಅಂತು. ಮಾತಾಡದೆ ಎರಡು ಮಡಕೆ ಮನೆಗೆ ಒಯ್ದರು.

ಮಡಕೆ ಮಾಡೋ ಚಕ್ರ ತಿಗರಿ, ಮಣ್ಣಿನ ಹದ ನಿಮಗೆ ಗೊತ್ತಿರೋದೇ. ಸುಡೋದರ ಬಗ್ಗೆ ಮಾತ್ರ ಹೇಳುತ್ತೇನೆ. ಕುಂಬಾರ ಅನ್ನೋದು ಕುಂಭಕಾರದಿಂದ ಬಂದ ಮಾತು, ಕೊಡ ಮಾಡುವವನು ಅಂತ. ಪೇಟೆಯವರ ಟೆರಾಕೋಟಾ ಇಟಲಿಯ ಮಾತು, ಸುಟ್ಟ ಮಣ್ಣು ಅಂತ. ನಮ್ಮ ಹೆಸರಲ್ಲಿ ಮಾಡೋದಿದೆ, ಅವರ ಮಾತಲ್ಲಿ ಸುಡೋದಿದೆ. ನಾನು ದುಡ್ಡು ಕಳೆದುಕೊಂಡಿದ್ದೆಲ್ಲ ಸುಡೋದರಲ್ಲೇ.

ಮೊದಲ ಸಲ ಆತುರಪಟ್ಟೆ. ಮಡಕೆ ಕೆಂಡದ ಬಣ್ಣಕ್ಕೆ ಬರುವ ಮುಂಚೆಯೇ ಆಲೆಮನೆಯಿಂದ ತಂದ ಹಸಿ ಸಿಪ್ಪೆ ತುಂಬಿಬಿಟ್ಟೆ. ಅರ್ಧಕ್ಕರ್ಧ ಸೀಳಿದವು. ಉಳಿದವುಗಳ ಕಪ್ಪು ತೊಳೆದರೆ ಹೋಯಿತು. ಸೌದೆ, ಕೂಲಿ, ಮಣ್ಣು ಹೊಡೆದ ಟ್ರ್ಯಾಕ್ಟರ್ ಬಾಡಿಗೆ ಸೇರಿ ಆರೇಳು ಸಾವಿರ ಹೋಯಿತು.

ಎರಡನೇ ಸಲ ಮೇಲೆ ಮೆತ್ತಿದ ಮಣ್ಣು ಬಿರುಕು ಬಿಟ್ಟಿತು. ಮಡಕೆಗಳನ್ನು ಬೋರಲು ಜೋಡಿಸಿದ್ದೆ. ಬೂದಿಯಲ್ಲಿ ಹೂತ ಬಾಯಿ, ಒಳಗು ಕಪ್ಪು. ಗಾಳಿ ತಗುಲಿದ ತಳ ಕೆಂಪು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗ ಹಳೇ ಕಲ್ಲುಗೋರಿಗಳಲ್ಲಿ ಸಿಕ್ಕ ಮಡಕೆಗಳೂ ಹೀಗೇ, ಬಾಯಿ ಕಪ್ಪು, ಮೈ ಕೆಂಪು! ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕರೆ ಕೆಂಪು, ಹೊಗೆಯಲ್ಲಿ ಉಸಿರು ಕಟ್ಟಿದರೆ ಕಪ್ಪು. ಅಂದ್ರೆ ತಪ್ಪು ನಮ್ಮ ಮಣ್ಣಿನದಲ್ಲ, ಬಿರುಕಿನದು ಅಲ್ವಾ? ಅವತ್ತೇ ನನಗೆ ಧೈರ್ಯ ಬಂತು.

ಮೂರನೇ ಸಲ ಮರುದಿನ ಬೆಳಿಗ್ಗೆಯೇ ಬಿಚ್ಚಿದೆ. ಒಳಗೆ ಇನ್ನೂ ಕಾವಿತ್ತು. ಕಪ್ಪು ಮಡಕೆಗಳ ಮೈ ಕಣ್ಣೆದುರೇ ಮಚ್ಚೆಮಚ್ಚೆಯಾಗಿ ಕೆಂಪಾಗುತ್ತಾ ಬಂತು. ಅಳು ಬರೋದೊಂದು ಬಾಕಿ.

ನಡುವೆ ಭತ್ತದ ಹೊಟ್ಟಲ್ಲೂ ಇಪ್ಪತ್ತು ಕುಡಿಕೆ ಸುಟ್ಟು ನೋಡಿದೆ. ಬೂದುಬಣ್ಣಕ್ಕೇ ನಿಂತವು. ಹಣತೆಗೆ ಚೆನ್ನಾಗಿರುತ್ತೆ, ಇನ್ನೊಮ್ಮೆ ನೋಡಬೇಕು.

ಗೆದ್ದ ಸಲ ಸಿಪ್ಪೆಯನ್ನು ಎರಡು ದಿನ ಒಣಗಿಸಿದ್ದೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ಬರಬಾರದು, ತಣ್ಣಗೆ ಮಾತ್ರ ಅನಿಸಬೇಕು. ಮಡಕೆ ಕೆಂಡವಾದ ಮೇಲೆ ಹತ್ತು ಮಂಕರಿ ತುಂಬಿ, ಎರಡು ಪದರ ಮಣ್ಣು ಮೆತ್ತಿದೆ. ಆ ಮಣ್ಣಿಗೆ ಏನು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ. ಹೊಗೆ ದಾರದಷ್ಟು ಎದ್ದ ಕಡೆಯೂ ಒದ್ದೆ ಮಣ್ಣು ಸವರಿದೆ. ಎರಡು ರಾತ್ರಿ ಕಳೆದು, ಮೇಲೆ ಅಂಗೈ ಇಟ್ಟರೆ ತಣ್ಣಗಿದ್ದಾಗಲೇ ಬಿಚ್ಚಿದ್ದು. ಅರೆ ಒಣಗಿದಾಗ ಹೊಳೆಯ ನುಣ್ಣನೆ ಕಲ್ಲಲ್ಲಿ ಉಜ್ಜಿದ್ದ ಮಡಕೆಗಳಂತೂ ಎಣ್ಣೆ ಹಚ್ಚಿದ ಹಾಗೆ ಮಿಂಚಿದವು.

ಕೆಂಪು ಮಡಕೆ 90 ರೂಪಾಯಿಗೆ ಹೋಗುತ್ತಿತ್ತು. ಇದಕ್ಕೆ ಮೈಸೂರಿನ ಅಂಗಡಿಯವರು 220 ಕೊಟ್ಟರು, ಚೌಕಾಸಿಯಿಲ್ಲದೆ. ಮೂರು ಆವಿಗೆಯ ನಷ್ಟ ಹೆಚ್ಚುಕಡಿಮೆ 15 ಸಾವಿರ ಇತ್ತು. ಒಂದೇ ಆವಿಗೆಯಲ್ಲಿ ವಾಪಸ್ ಬಂತು. ದಸರಾಕ್ಕೆ ಮುಂಚೆ ಇನ್ನೆರಡು ಹಾಕುತ್ತೇನೆ, ಒಂದು ಚಿಕ್ಕಪ್ಪನ ಜೊತೆ.