ಮಗು ನೋಡಿಕೊಳ್ಳುವ ಅಕ್ಕನನ್ನು ಬಿಡಿಸುವ ಮುನ್ನ

ಮಗು ಶಾಲೆಗೆ ಹೊರಟಿತು, ಇನ್ನು ಅಕ್ಕ ಬೇಡ ಅನ್ನಿಸಿದರೆ ಒಂದು ತಿಂಗಳು ಮೊದಲೇ ಹೇಳಿಬಿಡಿ. ಫೋನಿನಲ್ಲಲ್ಲ, ಎದುರು ಕೂತು. ಅವರ ಮನೆ ಬಾಡಿಗೆ, ಮಕ್ಕಳ ಫೀಸು ಈ ಸಂಬಳದ ಮೇಲೇ ನಿಂತಿರುತ್ತದೆ ಅಲ್ವಾ? ಮೊದಲೇ ಹೇಳಲು ಆಗದಿದ್ದರೆ ಒಂದು ತಿಂಗಳ ಸಂಬಳ ಜಾಸ್ತಿ ಕೊಡಿ. ಅಡ್ವಾನ್ಸ್ ಬಾಕಿಯಿದ್ದರೆ ಕೊನೆಯ ಸಂಬಳದಲ್ಲಿ ಪೂರ್ತಿ ಹಿಡಿಯಬೇಡಿ.

ಅವರನ್ನು ಕೇಳಿಕೊಂಡು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಗೇಟ್ ಪಾಸ್ ತಕ್ಷಣ ತೆಗೆಸಬೇಡಿ, ಬೇರೆ ಮನೆ ಹುಡುಕಲು ಅದು ಬೇಕು. ಮನೆಗೆಲಸದವರಂಥ ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಇಲ್ಲದಿದ್ದರೆ ನೋಂದಣಿಗೆ ನೆರವಾಗಿ. 16ರಿಂದ 59 ವರ್ಷದವರಿಗೆ ಅದು ಉಚಿತ.

ಮಗುವಿಗೂ ಹೇಳಿ. ನಾವು ಹೇಳಿರಲಿಲ್ಲ. ಮಗಳು ದಿನಾ ಬೆಳಿಗ್ಗೆ ಬಾಗಿಲು ನೋಡುತ್ತಾ ಕೂರುತ್ತಿದ್ದಳು. ಒಂದು ಭಾನುವಾರ ಅಕ್ಕ ಊಟಕ್ಕೆ ಬಂದ ಮೇಲೇ ಅವಳಿಗೆ ಸಮಾಧಾನ.