ಕ್ಲಾಂಪ್ ಹಾಕುವ ಮುನ್ನ

ದಾವಣಗೆರೆಗೆ ಬರುವ ಮೊದಲು ನಾನಿದ್ದ ಆಸ್ಪತ್ರೆಯಲ್ಲಿ ಮೊಳಕಾಲ್ಮೂರಿನ ನೇಕಾರರೊಬ್ಬರಿಗೆ ಬೈಪಾಸ್ ಮಾಡಿದ್ದೆ. ಹೃದಯ ಚೆನ್ನಾಗಿ ಮಿಡಿಯುತ್ತಿತ್ತು. ಆದರೆ ಎಚ್ಚರವಾದಾಗ ಅವರ ಬಲಗೈ ಮೇಲೇಳಲಿಲ್ಲ; ಪಾರ್ಶ್ವವಾಯು ಆಗಿತ್ತು. ಮಗ್ಗದ ಮುಂದೆ ಐವತ್ತು ವರ್ಷ ದುಡಿದ ಕೈ ಅದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೃದುವಾಗಿದೆ ಎಂದುಕೊಂಡೇ ನಾನು ಅದನ್ನು ಬಿಗಿಹಿಡಿದು ರಕ್ತದ ಹರಿವನ್ನು ತಡೆಯುವ ಕ್ಲಾಂಪ್ ಹಾಕಿದ್ದೆ.

ಬೆರಳು ಸುಣ್ಣಗಟ್ಟಿದ ಗಟ್ಟಿ ಜಾಗವನ್ನು ಗುರುತಿಸುತ್ತದೆ, ಒಳಗೋಡೆಗೆ ಅಂಟಿದ ಮೆತ್ತನೆಯ ಕೊಬ್ಬಿನ ಪದರವನ್ನಲ್ಲ. ಕ್ಲಾಂಪಿನ ಒತ್ತಡಕ್ಕೆ ಒಡೆದು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಲ್ಲದ್ದು ಆ ಪದರವೇ. ಅನ್ನನಾಳದ ಮೂಲಕ ಮಾಡುವ ಎಕೋದಲ್ಲಿಯೂ, ಗಾಳಿ ತುಂಬಿದ ಶ್ವಾಸನಾಳ ಅಡ್ಡ ಬರುವುದರಿಂದ, ನಮಗೆ ಬೇಕಾದ ಭಾಗವೇ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಈಗ ಎದೆ ತೆರೆದ ಮೇಲೆ, ಸ್ಟೆರೈಲ್ ಹೊದಿಕೆಯೊಳಗಿನ ಅಲ್ಟ್ರಾಸೌಂಡ್ ಪ್ರೋಬನ್ನು ನೇರವಾಗಿ ಮಹಾಪಧಮನಿಯ ಮೇಲಿಟ್ಟು, ಬುಡದಿಂದ ಕಮಾನಿನ ಆರಂಭದವರೆಗೆ ನಿಧಾನವಾಗಿ ಸರಿಸುತ್ತೇನೆ. ಕೆಲವೇ ನಿಮಿಷಗಳ ಕೆಲಸ.

ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರಲ್ಲಿ, ಬೆರಳಿಗೆ ಏನೂ ತಿಳಿಯದ ಜಾಗದಲ್ಲೇ 5 ಮಿ.ಮೀ. ದಪ್ಪದ ಪದರವಿತ್ತು, ಅದರ ಅಂಚು ಪ್ರತಿ ಮಿಡಿತಕ್ಕೂ ರಕ್ತದಲ್ಲಿ ಬಾಲದಂತೆ ಆಡುತ್ತಿತ್ತು. ನಾವು ಅಲ್ಲಿಯೇ ಯೋಜನೆ ಬದಲಿಸಿ, ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರಕ್ಕೆ ಜೋಡಿಸದೆ, ಮಿಡಿಯುವ ಹೃದಯದ ಮೇಲೆಯೇ, ಎದೆಗೋಡೆಯ ಎರಡೂ ಮ್ಯಾಮರಿ ಧಮನಿಗಳನ್ನು ಬಳಸಿ, ಮಹಾಪಧಮನಿಯನ್ನು ಮುಟ್ಟದೆ ಬೈಪಾಸ್ ಮುಗಿಸಿದೆವು.

ಕವಾಟದ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನೇ ತೆರೆಯುವುದರಿಂದ, ಒಳಗೆ ಉಳಿದ ಗಾಳಿಯ ಗುಳ್ಳೆ ಮಿದುಳಿಗೆ ಹೋಗುವ ಅಪಾಯವೂ ಇದೆ. ಎದೆಯೊಳಗೆ ಇಂಗಾಲದ ಡೈಆಕ್ಸೈಡ್ ಹರಿಸುತ್ತೇವೆ, ಏಕೆಂದರೆ ಅದು ಗಾಳಿಗಿಂತ ಬೇಗ ರಕ್ತದಲ್ಲಿ ಕರಗುತ್ತದೆ. ರುಮ್ಯಾಟಿಕ್ ಜ್ವರದಿಂದ ಮಿಟ್ರಲ್ ಕವಾಟ ಕೆಟ್ಟು, ಹೃದಯದ ಲಯವೂ ತಪ್ಪಿದವರಲ್ಲಿ ಎಡ ಹೃತ್ಕರ್ಣದ ಚೀಲದಲ್ಲಿ ರಕ್ತ ಹೆಪ್ಪುಗಟ್ಟಬಹುದು; ಆ ಚೀಲವನ್ನು ಹೊಲಿದು ಮುಚ್ಚುತ್ತೇನೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಲಯದ ತೊಂದರೆ ಇರುವವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೀಗೆ ಮುಚ್ಚಿದವರಲ್ಲಿ ಪಾರ್ಶ್ವವಾಯು ಅಥವಾ ದೇಹದ ಬೇರೆಡೆಗೆ ಹೆಪ್ಪು ಹೋಗಿ ಆಗುವ ತೊಂದರೆ 4.8 ಶೇಕಡಾ, ಮುಚ್ಚದವರಲ್ಲಿ 7.0 ಶೇಕಡಾ ಇತ್ತು. ಶಸ್ತ್ರಚಿಕಿತ್ಸೆಯ ವೇಳೆ ಯಂತ್ರದಲ್ಲಿ ತಣ್ಣಗಾದ ರಕ್ತವನ್ನು ಮರಳಿ ಬೆಚ್ಚಗೆ ಮಾಡುವಾಗ 37 ಡಿಗ್ರಿ ದಾಟದಂತೆ ನೋಡಿಕೊಳ್ಳಲು ಆ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್‌ಗೆ ಪ್ರತಿ ಸಲವೂ ಹೇಳುತ್ತೇನೆ, ಏಕೆಂದರೆ ಅತಿಯಾದ ಬಿಸಿ ಮಿದುಳಿನ ಗಾಯವನ್ನು ಹೆಚ್ಚಿಸುತ್ತದೆ.

ಅರಿವಳಿಕೆ ಇಳಿದ ಕೂಡಲೇ ಎರಡೂ ಕೈ ಎತ್ತಿಸಿ ನೋಡುವುದನ್ನು ಬೆಳಗಿನ ರೌಂಡ್ಸ್‌ಗೆ ಬಿಡಬಾರದು. ಹಸಿ ಗಾಯವಿರುವಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಕೊಡಲಾಗದು. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿದ್ದರೆ ಕ್ಯಾತಿಟರ್‌ನಿಂದ ಹೆಪ್ಪನ್ನು ಹೊರತೆಗೆಯಬಹುದು, ಅದೂ ಬೇಗ ಗೊತ್ತಾದರೆ ಮಾತ್ರ. ಅಂದು ರಾತ್ರಿ ಹನ್ನೊಂದಕ್ಕೆ ಐಸಿಯುನಲ್ಲಿ ಚನ್ನಗಿರಿಯ ಹಿರಿಯರ ಹಾಸಿಗೆಯ ಪಕ್ಕ ನಿಂತು ಕೇಳಿದೆ. ಅವರು ಮೊದಲು ಎಡಗೈ ಎತ್ತಿದರು. ಆಮೇಲೆ ಬಲಗೈ ಎತ್ತಿ, ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದರು.