ಮಕ್ಕಳು ಮಲಗಿದ ಮೇಲೆ ಬ್ಯಾಟ್‌ಮ್ಯಾನ್

ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಎಂಟು ವರ್ಷ, ಚಿಕ್ಕವನಿಗೆ ಒಂದೂವರೆ. ರಾತ್ರಿ ಒಂಬತ್ತೂವರೆಗೆ ಇಬ್ಬರೂ ಮಲಗಿದರೆ ಹನ್ನೊಂದರವರೆಗಿನ ಹೊತ್ತು ನನ್ನದು. ಅದೂ ಚಿಕ್ಕವನು ನಡುವೆ ಎದ್ದು ಕೂರದಿದ್ದರೆ. ಇಷ್ಟು ಸಮಯದಲ್ಲಿ ನೂರು ಗಂಟೆ ಕೇಳುವ ವಿಡಿಯೋ ಗೇಮ್‌ಗಳನ್ನು ಮುಟ್ಟುವ ಹಾಗಿಲ್ಲ. ನಾಲ್ಕು ದಿನ ಬಿಟ್ಟು ಬಂದರೆ ಯಾವ ಬಟನ್ ಯಾತಕ್ಕೆ ಅನ್ನೋದೇ ಮರೆತಿರುತ್ತದೆ. ಅದಕ್ಕೇ ಕಂತುಗಳಲ್ಲಿ ಬರುವ ಸೂಪರ್‌ಹೀರೋ ಕಥೆಯ ಆಟಗಳು ನನಗೆ ಒಗ್ಗಿದವು. ಇಲ್ಲಿ ಹೆಚ್ಚಿನ ಕೆಲಸ ಕೇಳಿಸಿಕೊಳ್ಳುವುದು, ಏನು ಹೇಳಬೇಕೆಂದು ಆರಿಸುವುದು.

ನಾನು ಮುಗಿಸಿದ್ದು ಎರಡು. ಒಂದು ಟೆಲ್‌ಟೇಲ್ ಕಂಪನಿಯವರ ಬ್ಯಾಟ್‌ಮ್ಯಾನ್. 2016ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಐದು ಕಂತುಗಳಲ್ಲಿ ಬಂದದ್ದು. ಇನ್ನೊಂದು ಆಡ್‌ಹಾಕ್ ಸ್ಟುಡಿಯೋದ ಡಿಸ್ಪ್ಯಾಚ್. 2025ರ ಅಕ್ಟೋಬರ್ 22ಕ್ಕೆ ಶುರುವಾಗಿ, ವಾರಕ್ಕೆ ಎರಡರಂತೆ ನಾಲ್ಕು ವಾರದಲ್ಲಿ ಎಂಟೂ ಕಂತು ಬಂದವು. ಈಗ ಎರಡರ ಕಂತುಗಳೂ ಪೂರ್ತಿ ಇವೆ, ಕಾಯಬೇಕಾಗಿಲ್ಲ. ಸಮಯ ತುಂಬಾ ಕಡಿಮೆ ಇದ್ದರೆ ಡಿಸ್ಪ್ಯಾಚ್‌ನಿಂದಲೇ ಶುರು ಮಾಡಿ. ಅದರ ಒಂದು ಕಂತು ಹೆಚ್ಚುಕಡಿಮೆ ಒಂದು ಗಂಟೆ. ಬ್ಯಾಟ್‌ಮ್ಯಾನ್‌ನ ಕಂತು ಒಂದೂವರೆ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ನಾನು ಪ್ರತಿ ಕಂತನ್ನೂ ಎರಡು ರಾತ್ರಿಗೆ ಹಂಚಿಕೊಂಡೆ.

ಹಂಚಿಕೊಳ್ಳುವುದರಲ್ಲೂ ಒಂದು ಲೆಕ್ಕ ಇದೆ. ಈ ಆಟಗಳು ತಮ್ಮಷ್ಟಕ್ಕೆ ತಾವೇ ಸೇವ್ ಆಗುತ್ತವೆ, ಆದರೆ ಕೆಲವು ಜಾಗಗಳಲ್ಲಿ ಮಾತ್ರ. ದೃಶ್ಯದ ಮಧ್ಯೆ ಆಫ್ ಮಾಡಿದರೆ ಅದೇ ಮಾತುಗಳನ್ನು ಮತ್ತೆ ಕೇಳಬೇಕು. ಒಂದು ದೃಶ್ಯ ಮುಗಿದು ಜಾಗ ಬದಲಾದಾಗ ಪರದೆಯ ಮೂಲೆಯ ಸೇವ್ ಗುರುತು ನೋಡಿಕೊಂಡು ಎದ್ದೇಳಿ. ಅಷ್ಟಕ್ಕೂ ಪುರುಸೊತ್ತಿಲ್ಲದೆ ಓಡಬೇಕಾದರೆ ಕನ್ಸೋಲನ್ನು ಆಫ್ ಮಾಡಬೇಡಿ, ಮಲಗಿಸಿ. ಸ್ಲೀಪ್‌ನಿಂದ ಎದ್ದಾಗ ಅಲ್ಲಿಂದಲೇ ಮುಂದುವರಿಯುತ್ತದೆ. (ನಮ್ಮ ಮನೆಯಲ್ಲಿ ಅಷ್ಟು ಸುಲಭವಾಗಿ ಮಲಗುವುದು ಅದೊಂದೇ.)

ಇನ್ನೊಂದು, ದೊಡ್ಡ ತೀರ್ಮಾನದ ಮೊದಲು ನಿಲ್ಲಿಸಬೇಡಿ. ಬ್ಯಾಟ್‌ಮ್ಯಾನ್‌ನ ಎರಡನೇ ಕಂತಿನ ಕೊನೆಯಲ್ಲಿ ಇಬ್ಬರಲ್ಲಿ ಒಬ್ಬರನ್ನು ಕಾಪಾಡಬೇಕು. ಯಾರೆಂದು ಹೇಳಿ ಕೆಡಿಸುವುದಿಲ್ಲ. ಹನ್ನೊಂದಾಯ್ತು, ಕೊನೆಯನ್ನು ನಾಳೆ ನೋಡೋಣ ಎಂದು ಸ್ವಲ್ಪ ಮುಂಚೆಯೇ ನಿಲ್ಲಿಸಿದೆ. ಮರುದಿನ ಮಗನಿಗೆ ಜ್ವರ. ಆರು ದಿನ ಬಿಟ್ಟು ಬಂದಾಗ ಆ ಇಬ್ಬರ ಮೇಲೂ ನನಗೆ ಪ್ರೀತಿ ಆರಿಹೋಗಿತ್ತು. ಯಾರನ್ನೋ ಒಬ್ಬರನ್ನು ಆರಿಸಿ, ಸುಮ್ನೆ ನೋಡುತ್ತ ಕೂತೆ. ಬಿಸಿಯಿರುವಾಗ ತೀರ್ಮಾನ ಮಾಡಿ, ಆಮೇಲೆ ನಿಲ್ಲಿಸಿ. ಪ್ರತಿ ಕಂತಿನ ಶುರುವಿನಲ್ಲಿ ಹಿಂದಿನ ಕಥೆಯನ್ನು ಚುಟುಕಾಗಿ ತೋರಿಸುತ್ತಾರೆ. ಆದರೆ ಕಂತಿನ ನಡುವೆ ನಿಲ್ಲಿಸಿದವರಿಗೆ ಆ ಸೌಕರ್ಯ ಇಲ್ಲ. ನಾನು ಆಟದ ಪಾತ್ರಗಳ ಬಗ್ಗೆ ಫೋನಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತೇನೆ: 'ಹಾರ್ವೆ ಜೊತೆ ಒಳ್ಳೆಯವಳಾಗಿದ್ದೇನೆ, ಆಲ್ಫ್ರೆಡ್‌ಗೆ ಸುಳ್ಳು ಹೇಳಿದೆ.' ಅಷ್ಟು ಸಾಕು. (ಗಂಡ ಒಮ್ಮೆ ಆ ಸಾಲು ಓದಿ, ಹಾರ್ವೆ ಯಾರು ಎಂದು ಕೇಳಿದರು.)

ಇನ್ನು ಟೈಮರ್. ಮಾತು ಆರಿಸಲು ಕೆಲವೇ ಸೆಕೆಂಡು ಕೊಡುತ್ತಾರೆ. ಪರದೆಯ ಮೇಲೆ ಗೆರೆ ಕುಗ್ಗುತ್ತಾ ಬರುತ್ತದೆ. ಒಳಗಿನಿಂದ ಅಳು ಕೇಳಿಸಿದ ಕೂಡಲೇ ಮೊದಲು ಆಟ ತಡೆಯುವ ಪಾಜ್ ಬಟನ್ ಒತ್ತಿ, ಆಮೇಲೆ ಓಡಿ. ನಾನು ತಿರುಗಾಮುರುಗಾ ಮಾಡುತ್ತಿದ್ದೆ. ಟೆಲ್‌ಟೇಲ್ ಆಟದಲ್ಲಿ ಏನೂ ಒತ್ತದಿದ್ದರೆ ಮೌನವೇ ಉತ್ತರ ಅಂತ ಲೆಕ್ಕ. ಹಾಗಾಗಿ ಪತ್ರಕರ್ತೆಯೊಬ್ಬಳು ಬ್ರೂಸ್ ವೇನ್‌ನನ್ನು (ಮುಖವಾಡ ತೆಗೆದ ಬ್ಯಾಟ್‌ಮ್ಯಾನ್ ಇವನೇ) ಮುಖಕ್ಕೆ ಹೊಡೆದ ಹಾಗೆ ಪ್ರಶ್ನೆ ಕೇಳಿದಾಗ ಅವನು ಬಾಯಿಮುಚ್ಚಿಕೊಂಡು ನಿಂತ. ನಾನು ತೊಟ್ಟಿಲ ಹತ್ತಿರ ನಿಂತಿದ್ದೆ. ವಾಪಸ್ ಹೋಗಿ ಸರಿಪಡಿಸಲೇ ಎಂದುಕೊಂಡೆ, ಬಿಟ್ಟೆ. ನನ್ನ ಬ್ರೂಸ್ ವೇನ್ ಸ್ವಲ್ಪ ಗೊಂದಲದ ಮನುಷ್ಯ. ಹಾಗೇ ಇರಲಿ ಎಂದು ಒಪ್ಪಿಕೊಂಡ ಮೇಲೆ ಆಟ ಹೆಚ್ಚು ಹಿಡಿಸಿತು.

ಜಗಳದ ದೃಶ್ಯಗಳಲ್ಲಿ ತೋರಿಸಿದ ಬಟನ್ನನ್ನು ತಕ್ಷಣ ಒತ್ತಬೇಕು. ಮಗು ಹೆಗಲ ಮೇಲಿದ್ದರೆ ಇದು ಆಗದ ಕೆಲಸ. ಬ್ಯಾಟ್‌ಮ್ಯಾನ್‌ನಲ್ಲಿ ಒಂದೆರಡು ತಪ್ಪಿದರೆ ಪ್ರಪಂಚವೇನೂ ಮುಳುಗುವುದಿಲ್ಲ, ಸೋತರೂ ಸ್ವಲ್ಪ ಹಿಂದಿನಿಂದ ಮತ್ತೆ ಶುರುವಾಗುತ್ತದೆ. ಡಿಸ್ಪ್ಯಾಚ್‌ನಲ್ಲಂತೂ ಈ ಬಟನ್ ಆಟವನ್ನೇ ಆಫ್ ಮಾಡಿ ಬರೀ ಕಥೆ ನೋಡಬಹುದು. ನಾನು ನಾಚಿಕೆಯಿಲ್ಲದೆ ಆಫ್ ಮಾಡಿದೆ.

ಡಿಸ್ಪ್ಯಾಚ್‌ನ ಇನ್ನೊಂದು ಭಾಗ ಶಿಫ್ಟ್. ಕವಚ ಕಳೆದುಕೊಂಡ ಹೀರೋ ರಾಬರ್ಟ್, ಲಾಸ್ ಏಂಜಲೀಸ್‌ನ ಒಂದು ಆಫೀಸಿನಲ್ಲಿ ಕೂತು, ಬಂದ ಕರೆಗಳಿಗೆ ಹಳೇ ಖಳನಾಯಕರ ತಂಡವನ್ನು ಕಳಿಸಬೇಕು. ಯಾರಿಗೆ ಬಲ ಜಾಸ್ತಿ, ಯಾರಿಗೆ ಮಾತು ಬರುತ್ತದೆ ಎಂದು ನೋಡಿ ಕಳಿಸಬೇಕು. ಹೋಗಿ ಬಂದವರಿಗೆ ವಿಶ್ರಾಂತಿ ಬೇಕು. ತಡ ಮಾಡಿದರೆ ಕರೆ ಕೈತಪ್ಪುತ್ತದೆ. ಒಬ್ಬಳಿಗೆ ಸಾಕ್ಸ್ ಹುಡುಕಿಕೊಟ್ಟು, ಇನ್ನೊಬ್ಬನ ಬಾಯಿಂದ ಸೀಮೆಸುಣ್ಣ ತೆಗೆದು, ಗಂಡನನ್ನು ಬಸ್ಸಿನ ಕಡೆ ಓಡಿಸುವ ನನಗೆ ಇದರಲ್ಲಿ ಹೊಸದೇನಿರಲಿಲ್ಲ. ಆದರೆ ಇದಕ್ಕೆ ಪೂರ್ತಿ ಗಮನ ಬೇಕು. ಶಿಫ್ಟ್ ಶುರುವಾಗುವ ಮೊದಲು ಹಾಲಿನ ಬಾಟಲಿ ತೊಳೆದಿಟ್ಟು, ಬಾಗಿಲು ಹಾಕಿದೆಯಾ ನೋಡಿ ಬಂದು ಕೂತುಕೊಳ್ಳಿ.

ಇಯರ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ಮಗುವಿಗೆ. ಸಬ್‌ಟೈಟಲ್ ಹಾಕಿಕೊಂಡರೆ ಮಾತು ತಪ್ಪುವುದಿಲ್ಲ.

ಸೂಪರ್‌ಹೀರೋ ಅಂದಮಾತ್ರಕ್ಕೆ ಮಕ್ಕಳ ಆಟ ಅಂದುಕೊಳ್ಳಬೇಡಿ. ಬಾವಲಿ ಗುರುತು ನೋಡಿ ಮಗಳು ತನಗೇ ತಂದದ್ದು ಎಂದುಕೊಂಡು ಕುಣಿದಳು. ಬ್ಯಾಟ್‌ಮ್ಯಾನ್‌ನ ಮೊದಲ ದೃಶ್ಯದಲ್ಲೇ ಕಾವಲುಗಾರರು ಸಾಯುತ್ತಾರೆ, ರಕ್ತವೂ ಇದೆ. ಡಿಸ್ಪ್ಯಾಚ್‌ನಲ್ಲಿ ಬೈಗುಳ ಧಾರಾಳ, ಬೆತ್ತಲೆ ದೃಶ್ಯಗಳೂ ಇವೆ. ಅವನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಆದರೂ ಮಕ್ಕಳ ಎದುರು ಬೇಡ. ಮಗಳಿಗೆ ಬೆಳಿಗ್ಗೆ ತಲೆ ಬಾಚುವಾಗ ಕಥೆಯನ್ನು ಸೋಸಿ ಹೇಳುತ್ತೇನೆ. ನಿರ್ಧಾರ ಸರಿಯಿತ್ತಾ ಎಂದು ಅವಳು ತೀರ್ಪು ಕೊಡುತ್ತಾಳೆ. ಕಂತಿನ ಕೊನೆಯಲ್ಲಿ ಉಳಿದ ಆಟಗಾರರು ಶೇಕಡಾ ಎಷ್ಟು ಮಂದಿ ಏನು ಆರಿಸಿದರು ಅಂತ ತೋರಿಸುತ್ತಾರಲ್ಲ, ಅದಕ್ಕಿಂತ ಅವಳ ತೀರ್ಪು ಖಡಕ್ಕು.

ಆಟ ಮುಗಿಯಿತೆಂದು ಸೇವ್ ಅಳಿಸಬೇಡಿ. ಬ್ಯಾಟ್‌ಮ್ಯಾನ್‌ಗೆ 2017ರಲ್ಲಿ ಶುರುವಾದ ಎರಡನೇ ಸೀಸನ್ ಇದೆ, ಅದೂ ಐದು ಕಂತು. ಮೊದಲಿನ ತೀರ್ಮಾನಗಳನ್ನು ಅದಕ್ಕೆ ಒಯ್ಯಬಹುದು. ನಾನು ಡೌನ್‌ಲೋಡ್ ಮಾಡಿಟ್ಟು ಎರಡು ತಿಂಗಳಾಯ್ತು. ಚಿಕ್ಕವನಿಗೆ ದವಡೆ ಹಲ್ಲು ಬರುತ್ತಿದೆ.